ದಿಣ್ಣೆಯ ಮಣ್ಣು

6-5-2024, ಸೋಮವಾರ. ಬೆಳಿಗ್ಗೆ 8
ಹದಿನಾಲ್ಕು ತೆಂಗಿನ ಪಾತಿ ಬಿಡಿಸಿದೆ. ಐವತ್ತೆಂಟರ ವಯಸ್ಸಿನಲ್ಲಿ ಈ ಹಟ್ಟಿಯಲ್ಲಿ ಇನ್ಯಾರು ಮಾಡುತ್ತಾರೆ? ಅಷ್ಟರಲ್ಲಿ ತಂಗಿಯ ಮಗಳು ವನಜಾ ಬಂದಳು — ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ಫೋನಿನಲ್ಲಿ ಹಟ್ಟಿಯ ಏರುತಗ್ಗು ತೋರಿಸಿದಳು. ಉಪಗ್ರಹ ಅಳೆದದ್ದಂತೆ. ಮಳೆ ದಿಣ್ಣೆಯ ಸಾರ ತೊಳೆದು ತಗ್ಗಿಗೆ ಒಯ್ಯುತ್ತದೆ. ಒಂದೊಂದು ಎತ್ತರಕ್ಕೆ ಒಂದು ತೋಟದ ಮಣ್ಣು ಸಾಕು, ಅದೇ ಎತ್ತರದ ಉಳಿದ ತೋಟಗಳನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತದಂತೆ. ದಿಣ್ಣೆಯ ಎತ್ತರಕ್ಕೆ ಆರಿಸಿದ್ದು ನನ್ನ ತೋಟ.
“ಮಾವ, ನೀನೇ ಅಗೆದು ಕೊಡು. ಒಂದಡಿ ಆಳ.”
“ಈ ಕ್ಯಾತಪ್ಪನ ಮಣ್ಣು ಕಣವ್ವ. ನಿಮ್ಮ ಮಿಷನ್ನೇ ದಂಗಾಯ್ತದೆ!”

ಅದೇ ದಿನ, ಸಂಜೆ
ಅಗೆದೆ. ಬರೀ ಗರಸು, ಕಲ್ಲುಪುಡಿ. ಇದನ್ನು ನನ್ನ ಹೆಸರಲ್ಲಿ ಲ್ಯಾಬಿಗೆ ಕಳಿಸುವುದೇ? ತಿಪ್ಪೆಗುಂಡಿ ಪಕ್ಕದ ಕಪ್ಪು ಮಣ್ಣನ್ನು ಪೊಟ್ಟಣಕ್ಕೆ ತುಂಬಿದೆ. ಯಾರೂ ನೋಡಲಿಲ್ಲ... ಕಾಳಕ್ಕ ನೋಡಿದಳು. ಹೆಂಡತಿ, ಲೆಕ್ಕಕ್ಕಿಲ್ಲ.

9-6-2024, ಭಾನುವಾರ
ವನಜಾಳ ಮಣ್ಣಿನ ನಕ್ಷೆ ಬಂತು. ದಿಣ್ಣೆಯೆಲ್ಲ ಕಡುಹಸಿರು — ಪೊಟ್ಯಾಷ್ ಧಾರಾಳ! ಹಾಲಿನ ಡೈರಿ ಮುಂದೆ ಎಲ್ಲರಿಗೂ ತೋರಿಸಿದೆ. ಎರಡು ಸಲ. ವನಜಾ ಮಾತ್ರ ಹಣೆ ಉಜ್ಜಿಕೊಂಡಳು.
“ದಿಣ್ಣೇಲಿ ಕಮ್ಮಿ ಇರ್ಬೇಕಿತ್ತು ಮಾವ. ನಾನೆಲ್ಲೋ ತಪ್ಪಿದೀನಿ.”
“ಎಲ್ಲಾ ತೋಟ ಒಂದೇನೇ? ಇದು ಕ್ಯಾತಪ್ಪಂದು.”
ನಗಲಿಲ್ಲ ಹುಡುಗಿ.

12-6-2024
ಪಕ್ಕದ ತೋಟದ ಚಿತ್ತೇಶ ಬೇಲಿಯಾಚೆಯಿಂದ ಕೂಗಿದ.
“ಕ್ಯಾತಣ್ಣಾ, ನಂದೂ ನಿನ್ನ ಎತ್ತರವೇ ಕಣಪ್ಪ. ನಕ್ಷೇಲಿ ನಂದೂ ಹಸಿರು. ಈ ಮಳೆಗೆ ಪೊಟ್ಯಾಷ್ ಗೊಬ್ಬರ ಹಾಕದು ಬುಟ್ಟೆ.”
“ನನ್ನ ಪಕ್ಕ ಇದ್ದ ಪುಣ್ಯ ಕಣ್ಲಾ!” ಎಂದೆ. ನಕ್ಕ. ಅವನ ತಲೆಯ ಮೇಲೆ ತೆಂಗಿನ ಗರಿಗಳ ತುದಿ ಹಳದಿ, ಪೊಟ್ಯಾಷ್ ಸಾಲದ ಗುರುತು. ಕಾಲ ಬಳಿ ಉದುರಿದ ಹರಳು, ಇನ್ನೂ ಬಲಿಯದ ಎಳೆಗಾಯಿ, ಬೊಗಸೆಗಟ್ಟಲೆ. ಮೊದಲೇ ಮರಕ್ಕೆ ಇಪ್ಪತ್ತು ಕಾಯಿ ನಿಂತರೆ ಹೆಚ್ಚು. ನನ್ನ ಮಾತನ್ನು ಚಿತ್ತೇಶ ಯಾವತ್ತೂ ನಂಬಿದವನಲ್ಲ. ನಕ್ಷೆಯನ್ನು ನಂಬಿದ.

16-6-2024, ಭಾನುವಾರ. ಬೆಳಿಗ್ಗೆ
ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೆ. ಕಾಳಕ್ಕ ನೋಡಿದಳು. “ಗುಂಡಿ ಮಣ್ಣು ಚಿತ್ತೇಶಂಗೂ ಒಂದು ಬುಟ್ಟಿ ಕೊಟ್ಬುಡಿ, ಪಾಪ.”
ರೇಗಲಿಲ್ಲ. ಗುದ್ದಲಿ ಹಿಡಿದು ದಿಣ್ಣೆಗೆ ಹೋದೆ. ಒಂದಡಿ, ಅಳತೆ ಇಟ್ಟು. ಅದೇ ಗರಸು. ಪೊಟ್ಟಣ ಕಟ್ಟಿ ನನ್ನ ಪೂರ್ತಿ ಹೆಸರು ಬರೆದೆ. ವನಜಾಗೆ ಫೋನ್ ಮಾಡಿದೆ. ಚಿತ್ತೇಶನನ್ನೂ ಬರಹೇಳಿದೆ — ಮಣ್ಣು ಬದಲಿಸಿದ್ದನ್ನು ಇಬ್ಬರಿಗೂ ಒಂದೇ ಸಲ ಹೇಳಿಬಿಡಬೇಕು. ಕಾಳಕ್ಕ ಕೇಳದೆಯೇ ನಾಲ್ಕು ಲೋಟ ಜೋಡಿಸಿದಳು.
ಶುರು ಹೇಗೆ? ಈ ಹಟ್ಟಿಯಲ್ಲಿ ನನ್ನಷ್ಟು ಮಾತು ಬಲ್ಲವರಿಲ್ಲ... ಬೇಲಿ ಹತ್ತಿರ ವನಜಾಳ ಸ್ಕೂಟಿ ಸದ್ದು. ಹಿಂದೆ ಕೂತವನು ಚಿತ್ತೇಶನೇ. ಪೊಟ್ಟಣ ಮೊದಲು ವನಜಾಳ ಕೈಗಿಟ್ಟು, ಆಮೇಲೆ —