ಗೊರವಂಕದ ಮರಿಯ ಊಟ

ಅಕ್ಕೋಳ, ಮೇ ೧೪, ಗುರುವಾರ

ಬೆಳಿಗ್ಗೆ ಹಿತ್ತಲಲ್ಲಿ ಗೊರವಂಕದ ಮರಿಯೊಂದು ಬಿದ್ದಿತ್ತು. ರೆಕ್ಕೆ ಮೂಡಿದೆ, ಹಾರಲು ಬರದು. ನನ್ನನ್ನು ಕಂಡೊಡನೆ ಬಾಯಿ ತೆರೆಯಿತು. ನೆನೆಸಿದ ಹೆಸರುಬೇಳೆ ಇಟ್ಟರೆ ಮುಟ್ಟಲಿಲ್ಲ.

ಪಕ್ಕದ ಮನೆಯ ಮುರಗೆಪ್ಪ ಗೋಡೆಯ ಮೇಲಿಂದ ಇಣುಕಿ, "ಹುಳಾ ತಿನಸ್ರಿ, ಇಲ್ಲಾಂದ್ರ ಸಾಯ್ತೈತಿ" ಅಂದ.

"ನಮ್ಮ ಜೈನರ ಮನ್ಯಾಗ ಉಳ್ಳಾಗಡ್ಡಿನೂ ಬರಂಗಿಲ್ಲ. ಹುಳಾ ಹ್ಯಾಂಗ ತಿನಸ್ಲೋ?"

"ಹಂಗಾದ್ರ ಮರೀಗೂ ಉಪಾಸ ಹಿಡಸ್ರಿ, ತಾತ್ಯಾಸಾಹೇಬ್ರ."

ಹುಳ ಕೊಟ್ಟರೆ ಒಂದು ಜೀವ ಹೋಗುತ್ತದೆ, ಕೊಡದಿದ್ದರೆ ಇನ್ನೊಂದು. ನನ್ನಾಕೆ ಬದುಕಿದ್ದರೆ ನಮ್ಮಿಬ್ಬರನ್ನೂ ಬೈದು ಏನಾದರೂ ತೀರ್ಮಾನ ಕೊಡುತ್ತಿದ್ದಳು. ನಡುವೆ ಕೈಹಾಕದೆ ಬಿಡುವುದಕ್ಕೆ ಬಿ.ಎ.ಯಲ್ಲಿ ಒಂದು ಇಂಗ್ಲಿಷ್ ಪದ ಓದಿದ್ದೆ, ನಾನ್-ಇಂಟರ್‌ಫಿಯರನ್ಸೋ ಏನೋ. ಆ ಪದವನ್ನು ಸರಿಯಾಗಿ ನೆನಪಿಸಿಕೊಳ್ಳುತ್ತ ಮರಿಯ ಮುಂದೆ ಒಂದು ತಾಸು ನಿಂತೆ.

ಕೊನೆಗೆ ಮುರಗೆಪ್ಪನೇ, "ತಂತಿ ಮ್ಯಾಲೆ ಅದರವ್ವ ಕುಂತು ಒದರಾಕತ್ತೈತಿ. ನೀವು ಅಲ್ಲೇ ನಿಂತ್ರ ಹ್ಯಾಂಗ ಬರ್ತೈತ್ರಿ? ಒಳಗ ನಡೀರಿ" ಅಂದ.

ಒಳಗೆ ಹೋಗಿ ಕಿಟಕಿಯಿಂದ ನೋಡಿದೆ. ತಾಯಿ ಇಳಿದು ಬಂತು. ಕೊಕ್ಕಿನಲ್ಲಿ ಹಸಿರು ಹುಳವೊಂದು ಒದ್ದಾಡುತ್ತಿತ್ತು. ಕಣ್ಣು ಮುಚ್ಚಿ ಆ ಹುಳಕ್ಕಾಗಿ ಣಮೋಕಾರ ಮಂತ್ರ ಹೇಳಿದೆ. ನಡುವೆ ಒಂದು ಕಣ್ಣು ತೆರೆದು, ಮರಿ ಪೂರ್ತಿ ನುಂಗಿತೋ ಇಲ್ಲವೋ ಎಂದು ನೋಡಿದ್ದೂ ನಿಜ. ನುಂಗಿತ್ತು. ಸಂತೋಷವೇ ಆಯಿತು. ಈ ಸಂತೋಷಕ್ಕೆ ಪ್ರಾಯಶ್ಚಿತ್ತ ಏನೋ, ಯಾರನ್ನು ಕೇಳುವುದೋ ತಿಳಿಯದೆ ಇಲ್ಲಿ ಬರೆದಿಟ್ಟೆ.