ಎರಡು ಪೆಟ್ಟು

ಮಾರ್ಚ್ ೧೪, ಮಂಗಳವಾರ

ಇವತ್ತೂ ಕಾಗದ ಹರಿಯಿತು. ನಮ್ಮ ಗಿರಣಿಗೆ ಹೊರದೇಶದಿಂದ ತರಿಸಿದ ಕಾಗದ ಮಾಡುವ ಯಂತ್ರ ಬೆಳಗಿನಿಂದ ನಿಂತು ನಿಂತು ನಡೆಯಿತು. ನಿಂತಾಗಲೆಲ್ಲ ನಮ್ಮ ಫಿಟ್ಟರ್ ಬಂದ, ಕಾಗದದ ಸುರುಳಿಗೆ ಮರದ ಕೋಲಿನಿಂದ ಎರಡು ಪೆಟ್ಟು ಕೊಟ್ಟ, ಕಣ್ಣು ಮುಚ್ಚಿ ಕೈಮುಗಿದ, ಗುಂಡಿ ಒತ್ತಿದ. ಕಾಗದ ಮತ್ತೆ ಹರಿದುಹೋಯಿತು.

ಯಂತ್ರದ ಜೊತೆ ಬಂದಿದ್ದ ಆ ದೇಶದ ಮುದುಕ ಹೀಗೇ ತಟ್ಟುತ್ತಿದ್ದ, ತಟ್ಟಿ ಕಣ್ಣು ಮುಚ್ಚುತ್ತಿದ್ದ. ಅವನಿಗೆ ನಮ್ಮ ಮಾತು ಬಾರದು, ನಮಗೆ ಅವನದು. ಪಾಪ, ದೇವರ ಮೇಲೆ ಭಾರ ಹಾಕುತ್ತಾನೆ ಅಂದುಕೊಂಡಿದ್ದೆವು. ಅವನು ಸದ್ದು ಕೇಳಿಸಿಕೊಳ್ಳುತ್ತಿದ್ದ! ಸುರುಳಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಸದ್ದಿನಲ್ಲೇ ತಿಳಿಯುತ್ತಿದ್ದ. ನನ್ನ ತಲೆಗೆ ಇದು ಹೊಳೆದದ್ದು ಇವತ್ತು. ಅವನು ಹೋಗಿ ಎಷ್ಟೋ ತಿಂಗಳಾಯಿತು. "ಯಂತ್ರ ನಮ್ಮದಾಯ್ತಲ್ಲ, ಇನ್ನು ಅವನನ್ನ ಕೂರಿಸ್ಕೊಂಡು ಏನ್ಮಾಡೋದು?" ಎಂದು ಧಣಿಗಳೇ ವಿಮಾನ ಹತ್ತಿಸಿದ್ದರು.

ಮಧ್ಯಾಹ್ನ ನಾನೇ ತಟ್ಟಿ, ಕಿವಿಗೊಟ್ಟು ನಿಂತೆ. ಟಕ್ ಅಂದಿತು. ಅದು ಒಳ್ಳೆಯ ಟಕ್ಕೋ ಕೆಟ್ಟ ಟಕ್ಕೋ, ಯಾರನ್ನು ಕೇಳಲಿ? ಯಂತ್ರ ಹಡಗಿನಲ್ಲಿ ಬಂದು ಇಲ್ಲೇ ಉಳಿಯಿತು. ಆ ಕಿವಿ ಬಂದ ಹಾಗೇ ಹೋಯಿತು.

ಸಂಜೆ ಧಣಿಗಳು ಇನ್ನೊಂದು ಯಂತ್ರ ತರಿಸುವ ಮಾತೆತ್ತಿದರು. ಜೊತೆಗೆ ಕಲಿಸೋಕೆ ಯಾರಾದರೂ ಬರ್ತಾರಾ ಅಂದೆ. "ಮತ್ತೆ ಖರ್ಚಿನ ಮಾತು ಶುರು ಮಾಡಿದ್ರಾ?" ಎಂದು ನಕ್ಕರು. ಹೊರಗೆ ಬಂದರೆ ಫಿಟ್ಟರ್ ಕೋಲು ಹಿಡಿದು ಕಾಯುತ್ತಿದ್ದ.

"ಸಾರ್, ನಾಳೆಯಿಂದ ಮೂರು ಪೆಟ್ಟು ಕೊಟ್ಟು ನೋಡೋಣ್ವಾ?"

ನಗು ಬರಲಿಲ್ಲ. ಕೊಡಪ್ಪಾ ಅಂದೆ.