ಸಾಯದವನ ಎಡಗೆನ್ನೆ

ಮಾರ್ಚ್ ೯, ಭಾನುವಾರ
ಮಧ್ಯಾಹ್ನ

ಮುದ್ದಿನ ಮಗಳಿಗೆ,

ಅಮ್ಮನ ಅಕ್ಕರೆ. ನನ್ನ ಅಕ್ಷರ ಕಂಡರೆ ಈ ಕಾಗದವನ್ನು ಒಡೆಯದೆಯೇ ಇಟ್ಟುಬಿಡುವೆಯೇನೋ ಎಂಬ ಅಂಜಿಕೆಯಿಂದ ಲಕೋಟೆಯ ಮೇಲಿನ ವಿಳಾಸವನ್ನು ನಿನ್ನ ಅಪ್ಪನ ಕೈಯಲ್ಲಿ ಬರೆಸಿದ್ದೇನೆ. ಒಳಗೇನಿದೆ ಎಂಬುದು ಅವರಿಗೆ ತಿಳಿಯದು. ಆರೋಗ್ಯದ ವಿಚಾರ ಬರೆದಿದ್ದೇನೆ ಎಂದಿದ್ದೇನೆ. ಅದು ಸುಳ್ಳೂ ಅಲ್ಲ.

ಅವರು ಆಸ್ಪತ್ರೆಯಿಂದ ಮನೆಗೆ ಬಂದು ಇಂದಿಗೆ ಹನ್ನೊಂದು ದಿನ. ಮುಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿ ಮಂಚ ಹಾಕಿಸಿದ್ದೇನೆ. ತೆಳ್ಳಗಿನ ಆಹಾರವನ್ನು ಬಾಯಿಯ ಬಲಗಡೆಯಿಂದ ಚಮಚದಲ್ಲಿ ಕೊಡುತ್ತೇನೆ. ಎಡಗಣ್ಣು ಮುಚ್ಚದ ಕಾರಣ ಗಂಟೆಗೊಮ್ಮೆ ಹನಿ ಹಾಕಬೇಕು. ಡಾಕ್ಟರು ಈಗ ಚಿಕಿತ್ಸೆಯ ಮಾತೆತ್ತುವುದಿಲ್ಲ; ಎರಡು ತಿಂಗಳು ಎನ್ನುತ್ತಾರೆ, ಅದನ್ನೂ ನೆಲ ನೋಡುತ್ತ ಹೇಳುತ್ತಾರೆ. ನೀನು ದಿನವೂ ಅಪ್ಪನಿಗೆ ಫೋನು ಮಾಡುತ್ತೀಯೆ. ಆ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತೇನೆ. ನೀನು ನನ್ನನ್ನು ವಿಚಾರಿಸದೆ ಫೋನು ಇಡುವುದು ನನಗೆ ಕೇಳಿಸದಿರಲಿ ಎಂದು.

ಆಸ್ಪತ್ರೆಯ ಮೆಟ್ಟಿಲ ಬಳಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಹತ್ತೊಂಬತ್ತು ವರ್ಷದಿಂದ ಅಪ್ಪನ ಮುಖ ನಿನ್ನ ಕೈಯಲ್ಲೇ ಇತ್ತಲ್ಲಮ್ಮ. ಈ ಗಡ್ಡೇನ ಮೊದಲು ನೋಡಿದ್ದು ಯಾವಾಗ?" ನಾನು ನೋಡಲೇ ಇಲ್ಲ ಎಂದೆ. ನಿಜ ಹೇಳುವವರೆಗೆ ಆ ಮನೆಗೆ ಕಾಲಿಡುವುದಿಲ್ಲ ಎಂದು ನೀನು ಇಳಿದುಹೋದೆ. ದಾದಿಯಾಗಿ ಎಂಟು ವರ್ಷ ರೋಗಿಗಳ ನಡುವೆ ಕಳೆದವಳು ನೀನು. ನನ್ನ ಮಾತನ್ನು ಹೇಗೆ ತಾನೇ ನಂಬೀಯೆ? ಅದಕ್ಕೆ ಉತ್ತರ ಬರೆಯಲು ಕುಳಿತಿದ್ದೇನೆ. ನಟರ ಮುಖಕ್ಕೆ ಬಣ್ಣ ಹಚ್ಚುವ ನನ್ನ ಕಸುಬನ್ನು ನೀನು ಹತ್ತಿರದಿಂದ ಕಂಡವಳಲ್ಲವಾದ್ದರಿಂದ ಮೊದಲಿನಿಂದ ಬರೆಯಬೇಕಾಗಿದೆ.

ನಕ್ಷತ್ರಗಳ ನಡುವೆ ಅಲೆಯುವ ಹಡಗಿನ ಆ ಟಿ.ವಿ. ಧಾರಾವಾಹಿಗೆ ನಿನ್ನ ಅಪ್ಪ ಸೇರಿದಾಗ ನಿನಗೆ ಹತ್ತು ವರ್ಷ. ಒಂದೇ ಸಂಚಿಕೆಯ ಪಾತ್ರವೆಂದು ಕರೆದಿದ್ದರು: ಪಾಳುಬಿದ್ದ ಯಾವುದೋ ಗ್ರಹದಲ್ಲಿ ಸಾವಿರಾರು ವರ್ಷಗಳಿಂದ ಒಬ್ಬನೇ ಬದುಕಿರುವ, ಸಾವೇ ಬಾರದ ಮನುಷ್ಯ. ಅದಕ್ಕೆ ಮುಂಚೆ ಅವರಿಗೆ ಸಿಗುತ್ತಿದ್ದುದು ಕಾವಲುಗಾರ, ಅಂಚೆಯವ, ಇಲ್ಲವೇ ಹೆಣ. "ಹೆಣ ಆಗಿ ಆಗಿ ಸಾಕಾಗಿತ್ತು ಕಣೆ, ಈಗ ನೋಡು, ಸಾಯೋದೇ ಇಲ್ಲ" ಎಂದು ನಕ್ಕಿದ್ದರು. ನೋಡಿದ ಜನರಿಗೆ ಆ ಮನುಷ್ಯ ಹಿಡಿಸಿಬಿಟ್ಟ. ಅಲ್ಲಿಂದ ಪ್ರತಿ ವರ್ಷವೂ ಮೂರೋ ನಾಲ್ಕೋ ಸಂಚಿಕೆಗಳಲ್ಲಿ ಅವನು ಬಂದು ಹೋಗುವುದು ವಾಡಿಕೆಯಾಯಿತು. ಹಡಗಿನ ಕಪ್ತಾನರು ಮೂವರು ಬದಲಾದರು. ಅವನು ಮಾತ್ರ ಅದೇ ಬೂದು ನಿಲುವಂಗಿಯಲ್ಲಿ, ಅದೇ ಮುಖದಲ್ಲಿ ಬಂದು, ಯಾರನ್ನಾದರೂ ಕಾಪಾಡಿ, ಹೇಳದೆ ಹೊರಟುಹೋಗುತ್ತಿದ್ದ. ಸ್ಟುಡಿಯೋದಲ್ಲಿ ಎಲ್ಲರಿಗೂ ನಿನ್ನ ಅಪ್ಪ 'ಸಾಯದ ಸಾರ್' ಆದರು. ಚಹಾ ತರುವಾತನಂತೂ ಸಕ್ಕರೆ ಕಡಿಮೆ ಮಾಡು ಎಂದರೆ ಕೇಳುತ್ತಿರಲಿಲ್ಲ. "ಬೇರೆಯವರು ಹೆದರಲಿ ಸಾರ್, ನಿಮಗೇನಾಗತ್ತೆ, ಕುಡೀರಿ" ಎನ್ನುತ್ತಿದ್ದ.

ಅವನಿಗೆ ವಯಸ್ಸಾಗುವಂತಿಲ್ಲ, ನಿನ್ನ ಅಪ್ಪನಿಗೆ ಆಗದೆ ಇರುವಂತಿಲ್ಲ. ನಡುವೆ ಇದ್ದವಳು ನಾನು. ಮೊದಲ ಸಂಚಿಕೆಯ ದಿನ ತೆಗೆದ ಆರು ಛಾಯಾಚಿತ್ರಗಳನ್ನು ನನ್ನ ಕೋಣೆಯ ಕನ್ನಡಿಯ ಸುತ್ತ ಅಂಟಿಸಿದ್ದೆ. ಬಣ್ಣ ಹಚ್ಚುವವರಿಗೆ ಇರುವುದು ಒಂದೇ ಕಟ್ಟಳೆ: ಚಿತ್ರದಲ್ಲಿ ಇದ್ದದ್ದು ಮುಖದಲ್ಲಿ ಇರಬೇಕು, ಚಿತ್ರದಲ್ಲಿ ಇಲ್ಲದ್ದು ಮುಖದಲ್ಲಿ ಇರಕೂಡದು. ಕಣ್ಣಿನ ಕೆಳಗಿನ ಚೀಲವನ್ನು ಬಣ್ಣದಿಂದ ತುಂಬುತ್ತಿದ್ದೆ. ಜೋತುಬಿದ್ದ ಚರ್ಮವನ್ನು ತೆಳುವಾದ ಅಂಟುಪಟ್ಟಿಯಿಂದ ಕಿವಿಯ ಹಿಂದಕ್ಕೆ ಎಳೆದು ಕೃತಕ ಕೂದಲಿನ ಅಡಿಯಲ್ಲಿ ಅಡಗಿಸುತ್ತಿದ್ದೆ. ಮೊದಲು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ ಬರುಬರುತ್ತ ಎರಡು ಗಂಟೆಯಾಯಿತು. ಆ ಹೊತ್ತಿನಲ್ಲಿ ಅವರು ತುಟಿ ಅಲ್ಲಾಡಿಸುವಂತಿಲ್ಲ. ಅವರ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಗಂಡನ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡುವ ಹೆಂಡತಿ ಇನ್ನೊಬ್ಬಳಿರಲಾರಳು ಎಂದು ನಾನು ಬೀಗಿದ್ದೂ ಉಂಟು.

ಕಳೆದ ವರ್ಷದ ಚಿತ್ರೀಕರಣದ ಕೊನೆಯ ವಾರ. ಎಡಗಿವಿಯ ಕೆಳಗೆ, ದವಡೆ ತಿರುಗುವ ಕಡೆ, ಅಂಗಿಯ ಗುಂಡಿಯಷ್ಟು ದಪ್ಪದ ಒಂದು ಉಬ್ಬು ನನ್ನ ಬೆರಳಿಗೆ ಸಿಕ್ಕಿತು. ಚಿತ್ರದಲ್ಲಿ ಅದು ಇರಲಿಲ್ಲ. ಉಬ್ಬಿದ ಜಾಗಕ್ಕೆ ಸುತ್ತಲಿನದಕ್ಕಿಂತ ತುಸು ಕಪ್ಪಾದ ಬಣ್ಣ ಹಚ್ಚಿದರೆ ಕ್ಯಾಮೆರಾದ ಕಣ್ಣಿಗೆ ಅದು ಸಪಾಟಾಗಿ ಕಾಣುತ್ತದೆ. ಹಚ್ಚಿದೆ. ಅವರೂ ಕೇಳಿದರು, ಇಲ್ಲೇನೋ ಗಟ್ಟಿಯಾಗಿ ಸಿಗುತ್ತದಲ್ಲ ಎಂದು. ಹಲ್ಲಿನ ಬಾವು ಇರಬೇಕು, ಚಿತ್ರೀಕರಣ ಮುಗಿಯಲಿ, ತೋರಿಸೋಣ ಎಂದೆ. ಮುಗಿಯಿತು. ನೋವಿರಲಿಲ್ಲ, ತೋರಿಸಲಿಲ್ಲ. ಈ ವರ್ಷ ಬಾಯಿಯ ಎಡತುದಿ ಕೂದಲೆಳೆಯಷ್ಟು ಇಳಿದಿತ್ತು. ವಯಸ್ಸು ಎಂದುಕೊಂಡು ಪಟ್ಟಿ ಹಾಕಿ ಎತ್ತಿದೆ. ವಯಸ್ಸನ್ನು ಅಳಿಸುವುದೇ ನನ್ನ ಕೆಲಸವಾಗಿತ್ತಲ್ಲ.

ಬಯಲಾದದ್ದು ಹೇಗೆಂದು ನೀನು ಕೇಳಲಿಲ್ಲ; ಹೇಳುತ್ತೇನೆ. ಹಡಗಿನ ಮುದಿ ವೈದ್ಯ ಸಾಯುವ ಸಂಚಿಕೆ. ಸಾಯದವನು ಗೆಳೆಯನ ಕೈ ಹಿಡಿದು ಕಣ್ಣು ಮುಚ್ಚಿ ಕುಳಿತಿರಬೇಕು, ಅಷ್ಟೆ. ಅವರು ಕಣ್ಣು ಮುಚ್ಚಿದರು. ಬಲಗಣ್ಣು ಮುಚ್ಚಿತು, ಎಡಗಣ್ಣು ಅರ್ಧಕ್ಕೆ ನಿಂತಿತು. ಮತ್ತೆ ಮಾಡಿಸಿದರು. ಮತ್ತೆ ಹಾಗೆಯೇ. ಮೂರನೆಯ ಸಲಕ್ಕೆ ನಿರ್ದೇಶಕರು ನನ್ನನ್ನು ಕರೆದು, "ಅಮ್ಮಾ, ರೆಪ್ಪೆಗೆ ಅಂಟೇನಾದರೂ ಮೆತ್ತಿಕೊಂಡಿದೆಯಾ ನೋಡಿ" ಎಂದರು. ಅಂಟು ಇರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಅಷ್ಟು ಜನರ ಎದುರಿಗೆ, ಇಲ್ಲದ ಅಂಟನ್ನು ಒರೆಸುತ್ತ ನಿಂತೆ. ಒರೆಸಿದಷ್ಟೂ ಬಣ್ಣ ಹೋಗಿ ಕೆನ್ನೆಯ ಉಬ್ಬು ಮೇಲೆದ್ದಿತು. ಕ್ಯಾಮೆರಾದವರು ದೀಪ ಆರಿಸಿದರು. ನಿನ್ನ ಅಪ್ಪ ನನ್ನ ಕೈಯಿಂದ ಹತ್ತಿಯನ್ನು ತೆಗೆದುಕೊಂಡು, "ಸಾಕು ಬಿಡು" ಎಂದರು.

ಮುಂದಿನದು ನಿನಗೆ ಗೊತ್ತು. ವಾರ್ಡು ಗುಡಿಸುವ ಹೆಂಗಸು ಅವರನ್ನು ಗುರುತು ಹಿಡಿದು, ನಿಮ್ಮನ್ನು ಎಷ್ಟು ಸಲ ಸುಟ್ಟರು, ಎಷ್ಟು ಸಲ ಮುಳುಗಿಸಿದರು, ಎಲ್ಲ ನೋಡಿದ್ದೇನೆ, ಎದ್ದು ಬರುತ್ತೀರಿ ಬಿಡಿ ಎಂದು ದಿನವೂ ಧೈರ್ಯ ಹೇಳುತ್ತಿದ್ದಳು. ಆಕೆಯ ಮುಂದೆ ಅವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಆಕೆ ಅತ್ತ ಹೋದೊಡನೆ ಗೋಡೆಯ ಕಡೆ ತಿರುಗುತ್ತಿದ್ದರು.

ಮೊನ್ನೆ ನಿರ್ದೇಶಕರು ಮನೆಗೆ ಬಂದಿದ್ದರು. ಸಾಯದವನು ಹಳೆಯ ದೇಹ ಬಿಟ್ಟು ಹೊಸ ದೇಹ ಹೊಗಬಲ್ಲ ಎಂದು ಬರೆಹಗಾರರು ಐದು ವರ್ಷದ ಹಿಂದೆಯೇ ಕಥೆಯಲ್ಲಿ ದಾರಿ ಮಾಡಿ ಇಟ್ಟಿದ್ದರು. ನಟನ ಮುಖ ಕೈಕೊಟ್ಟರೆ ಇರಲಿ ಎಂದು. ಈಗ ಮೂವತ್ತರ ಹುಡುಗನೊಬ್ಬ ಸಿಕ್ಕಿದ್ದಾನಂತೆ. ನಿರ್ದೇಶಕರು ತಡವರಿಸುತ್ತ ಹೇಳಿದರು. ನಿನ್ನ ಅಪ್ಪ, ಆ ಸಾಯದವನಾದರೂ ಇರಲಿ ಎಂದರು. ನಿಲುವಂಗಿಯ ತೋಳು ಉದ್ದವಾದರೆ ಒಳಗೆ ಮಡಿಸಿ ಹೊಲಿಸಿ, ಕತ್ತರಿಸಬೇಡಿ ಎಂದೂ ಹೇಳಿಕಳುಹಿಸಿದರು.

ನೀನು ಬರುವೆ ಎಂದೇ ಅವರು ನಂಬಿದ್ದಾರೆ. ನೀನು ನನ್ನ ಮೇಲಿನ ಕೋಪಕ್ಕೆ ಬರುತ್ತಿಲ್ಲವೆಂದು ನಾನು ಹೇಳಿಲ್ಲ. ರಜೆ ಸಿಕ್ಕಿಲ್ಲ ಎಂದಿದ್ದೇನೆ. ನಿನ್ನೆ ಬೆಳಿಗ್ಗೆ ಬಣ್ಣದ ಪೆಟ್ಟಿಗೆ ತರಲು ಹೇಳಿದರು. "ಮಗಳು ಈ ಮುಖ ನೋಡಿದರೆ ಹೆದರ್ತಾಳೆ. ಅವಳು ಬರೋ ದಿನ ಸ್ವಲ್ಪ ಸರಿ ಮಾಡು." ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ಆಗದು ಎಂದೆ. ಅವಳು ದಾದಿ, ಹೆದರುವುದಿಲ್ಲ, ಇದ್ದ ಹಾಗೆಯೇ ನೋಡಲಿ ಎಂದೆ. ಅವರಿಗೆ ಬೇಸರವಾಯಿತು.

ಮಗಳೇ, ನನ್ನನ್ನು ಕ್ಷಮಿಸು ಎಂದು ಈ ಕಾಗದ ಬರೆಯುತ್ತಿಲ್ಲ. ನೀನು ಬಂದರೆ ನಾನು ಹಿಂದಿನ ಕೋಣೆಯಲ್ಲಿ ಇದ್ದುಬಿಡುತ್ತೇನೆ, ಎದುರಿಗೆ ಬರುವುದಿಲ್ಲ. ಕಣ್ಣಿಗೆ ಹನಿ ಹಾಕುವುದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಎರಡು ತಿಂಗಳಲ್ಲಿ ಹನ್ನೊಂದು ದಿನ ಈಗಾಗಲೇ ಕಳೆದಿವೆ. ಬಾ.

ನಿನ್ನ ಬರವನ್ನೇ ಎದುರು ನೋಡುತ್ತಿರುವ
ಅಮ್ಮ

ಸಹಿ ಹಾಕಿದ ಮೇಲೆ ಬರೆದದ್ದು:

ಮೇಲೆ 'ಕಳೆದ ವರ್ಷ' ಎಂದು ಬರೆದಿದ್ದೇನೆ. ಹೊಡೆದುಹಾಕೋಣವೆಂದು ಲೇಖನಿ ಎತ್ತಿದೆ. ಬೇಡ, ಇನ್ನೊಮ್ಮೆ ಸುಳ್ಳು ಹೇಳಲು ಹೊರಟಿದ್ದೆನೆಂಬುದೂ ನಿನಗೆ ತಿಳಿದಿರಲಿ. ಆ ಉಬ್ಬು ನನ್ನ ಬೆರಳಿಗೆ ಸಿಕ್ಕಿದ್ದು ಮೂರು ವರ್ಷಗಳ ಹಿಂದೆ, ನೀನು ರಜೆಗೆ ಬಂದಿದ್ದ ವಾರ. ಅದು ಹಲ್ಲಿನ ಬಾವಲ್ಲವೆಂದು ನನಗೆ ಅಂದೇ ಅನ್ನಿಸಿತ್ತು. ಅಲ್ಲಿ ಕತ್ತರಿ ಆಡಿಸಿದರೆ ಮುಖ ಮೊದಲಿನಂತಾಗದು, ಮುಖ ಕೆಟ್ಟರೆ ಪಾತ್ರ ಉಳಿಯದು, ಪಾತ್ರ ಹೋದರೆ ನಿನ್ನ ಅಪ್ಪ ತಡೆದುಕೊಳ್ಳಲಾರರು ಎಂದು ಅವರನ್ನು ಒಂದು ಮಾತೂ ಕೇಳದೆ ನಾನೇ ತೀರ್ಮಾನಿಸಿದೆ. ನೀನು ಒಮ್ಮೆ ಮುಟ್ಟಿದ್ದರೂ ಗುರುತಿಸಿಬಿಡುತ್ತಿದ್ದೆ. ಅದಕ್ಕಾಗಿ ಆ ಸಂಜೆ ಅವರ ಬಣ್ಣ ತೆಗೆಯದೆಯೇ ಮನೆಗೆ ಕರೆತಂದೆ. ಊಟಕ್ಕೆ ಕುಳಿತಾಗ ನೀನು ನಕ್ಕು, ಇದೇನಪ್ಪ ವೇಷ ಎಂದು ಅವರ ಕೆನ್ನೆಗೆ ಕೈ ಚಾಚಿದೆ. ಮುಟ್ಟಬೇಡ, ಅಳಿಸಿಹೋಗುತ್ತದೆ, ನಾಳೆ ಬೆಳಿಗ್ಗೆಯೇ ಚಿತ್ರೀಕರಣವಿದೆ ಎಂದೆ. ನೀನು ಕೈ ಹಿಂದಕ್ಕೆ ತೆಗೆದುಕೊಂಡೆ.

ಮರುದಿನ ಚಿತ್ರೀಕರಣ ಇರಲಿಲ್ಲ.